ಮೆರೋಯೆಯ ಮೊಂಡು ಪಿರಮಿಡ್‌ಗಳು

ಸುಡಾನಿನ ರಾಜಧಾನಿ ಖಾರ್ಟೂಮಿನಿಂದ ಈಶಾನ್ಯಕ್ಕೆ, ಅತ್ಬಾರಾ ಪಟ್ಟಣದ ಕಡೆ ಹೋಗುವ ಡಾಂಬರು ರಸ್ತೆಯಲ್ಲಿ ಸುಮಾರು 200 ಕಿಲೋಮೀಟರ್ ಸಾಗಬೇಕು. ಶೆಂಡಿ ಪಟ್ಟಣ ದಾಟಿ ಮುಂದೆ ಹೋದರೆ ಬಲಗಡೆಯ ದಿಬ್ಬದ ಮೇಲೆ ಮುರುಕು ಹಲ್ಲುಗಳ ಸಾಲಿನಂಥದ್ದೊಂದು ಕಾಣಿಸುತ್ತದೆ. ಹತ್ತಿರವಾದಂತೆ ಅವು ಪಿರಮಿಡ್‌ಗಳೆಂದು ತಿಳಿಯುತ್ತದೆ. ಇನ್ನೂ ಹತ್ತಿರ ಹೋದರೆ ಅವುಗಳಲ್ಲಿ ಹೆಚ್ಚಿನವಕ್ಕೆ ತುದಿಯೇ ಇಲ್ಲವೆಂಬುದೂ ತಿಳಿಯುತ್ತದೆ. ಕೆಲವು ಅರ್ಧಕ್ಕೆ ನಿಂತಿವೆ. ಕೆಲವು ಬರೀ ಕಲ್ಲುರಾಶಿ. ಅಲ್ಲೊಂದು ಇಲ್ಲೊಂದು ಮಾತ್ರ ಹೊಸದಾಗಿ ಕಟ್ಟಿದಂತೆ ಚೂಪಾಗಿ ನಿಂತಿವೆ. ಸುತ್ತ ಕಿತ್ತಳೆ ಬಣ್ಣದ ಮರಳು. ಇದು ಮೆರೋಯೆ, ಕುಶ್ ರಾಜ್ಯದ ಅರಸು ಅರಸಿಯರ ರುದ್ರಭೂಮಿ.

ಪಿರಮಿಡ್ ಎಂದೊಡನೆ ಈಜಿಪ್ಟಿನ ಗೀಜಾ ನೆನಪಾಗುವುದು ಸಹಜ. ಆದರೆ ಎಣಿಕೆಗೆ ಕುಳಿತರೆ ಪಿರಮಿಡ್‌ಗಳು ಹೆಚ್ಚಿರುವುದು ಈಜಿಪ್ಟಿನಲ್ಲಲ್ಲ, ಅದರ ದಕ್ಷಿಣಕ್ಕಿರುವ ಸುಡಾನಿನಲ್ಲಿ. ಅಲ್ಲಿ 200ಕ್ಕೂ ಮಿಗಿಲಾಗಿವೆ. ನೈಲ್ ನದಿಯ ಈ ಮೇಲ್ಭಾಗದ ಸೀಮೆಗೆ ನೂಬಿಯಾ ಎಂದು ಹೆಸರು. ಅಲ್ಲಿ ಬಾಳಿದ ಕುಶ್ ರಾಜ್ಯ ಕ್ರಿ.ಪೂ. 8ನೇ ಶತಮಾನದಿಂದ ಕ್ರಿ.ಶ. 4ನೇ ಶತಮಾನದವರೆಗೆ, ಅಂದರೆ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು. ಅಷ್ಟು ದೀರ್ಘಕಾಲ ನಡೆದ ರಾಜ್ಯದ ಬಗ್ಗೆ ಲೋಕಕ್ಕೆ ತಿಳಿದಿರುವುದು ತೀರ ಸ್ವಲ್ಪ. ಅದಕ್ಕೆ ಕಾರಣವೇನೆಂದು ಕೇಳಿದರೆ ಅರ್ಧ ಉತ್ತರ ಈ ಮೊಂಡು ತುದಿಗಳಲ್ಲೇ ಇದೆ.

ಈಜಿಪ್ಟಿನ ಅರಸರು ತಮಗಾಗಿ ಪಿರಮಿಡ್ ಕಟ್ಟಿಸುವುದನ್ನು ಕ್ರಿ.ಪೂ. 16ನೇ ಶತಮಾನದ ಹೊತ್ತಿಗೇ ಬಿಟ್ಟುಬಿಟ್ಟಿದ್ದರು. ಆದರೆ ಅಲ್ಲಿನ ಅಧಿಕಾರಿಗಳು, ಕುಶಲಕರ್ಮಿಗಳು ತಮ್ಮ ಗೋರಿಗಳ ಮೇಲೆ ಚಿಕ್ಕ, ಕಡಿದಾದ ಪಿರಮಿಡ್‌ಗಳನ್ನು ಮುಂದೆಯೂ ಕಟ್ಟಿಸಿಕೊಳ್ಳುತ್ತಿದ್ದರು. ನೂಬಿಯಾ ಈಜಿಪ್ಟಿನ ಕೈಯಲ್ಲಿದ್ದ ಕಾಲದಲ್ಲಿ ಅಂಥವು ಅಲ್ಲಿಯೂ ಎದ್ದವು. ಕುಶ್ ಅರಸರಿಗೆ ಮಾದರಿಯಾದದ್ದು ಗೀಜಾದ ಬೆಟ್ಟಗಳಲ್ಲ, ಈ ಸಣ್ಣ ಗೋರಿಗಳು ಎಂದು ವಿದ್ವಾಂಸರು ಹೇಳುತ್ತಾರೆ. ಕ್ರಿ.ಪೂ. 8ನೇ ಶತಮಾನದಲ್ಲಿ ಪೀಯೆ ಎಂಬ ಕುಶ್ ದೊರೆ ಉತ್ತರಕ್ಕೆ ದಂಡೆತ್ತಿ ಹೋಗಿ ಈಜಿಪ್ಟನ್ನೇ ಗೆದ್ದ. ಒಂದು ಕಾಲದಲ್ಲಿ ಕಪ್ಪ ಕೊಡುತ್ತಿದ್ದ ನಾಡು ಕಪ್ಪ ಪಡೆಯುವ ನಾಡಾಯಿತು. ಪೀಯೆಯ ವಿಜಯಶಾಸನದಲ್ಲಿ ಒಂದು ವಿಚಿತ್ರ ಪ್ರಸಂಗವಿದೆ: ಮುತ್ತಿಗೆಗೆ ಸಿಕ್ಕ ಊರಿನ ಲಾಯಕ್ಕೆ ಹೋದ ದೊರೆ, ಅಲ್ಲಿ ಹಸಿವಿನಿಂದ ಸೊರಗಿದ ಕುದುರೆಗಳನ್ನು ಕಂಡು, ಸೋತ ಅರಸನ ಬೇರೆಲ್ಲ ಅಪರಾಧಗಳಿಗಿಂತ ಇದಕ್ಕೇ ಹೆಚ್ಚು ಸಿಟ್ಟಾಗುತ್ತಾನೆ. ಅವನನ್ನು ಹೂಳಿದ ಎಲ್-ಕುರ್ರು ಎಂಬಲ್ಲಿ ಅರಸರ ಗೋರಿಗಳ ಬಳಿಯೇ 24 ಕುದುರೆಗಳ ಗೋರಿಗಳೂ ದೊರೆತಿವೆ. ಪೀಯೆ ತನ್ನ ಗೋರಿಯ ಮೇಲೆ ಪಿರಮಿಡ್ ಎಬ್ಬಿಸಿದ. ಈಜಿಪ್ಟಿನ ದೊರೆಗಳು ಮರೆತ ಪದ್ಧತಿ ಸುಮಾರು 800 ವರ್ಷಗಳ ಬಳಿಕ ಹೀಗೆ ನೂಬಿಯಾದಲ್ಲಿ ಮರುಹುಟ್ಟು ಪಡೆಯಿತು.

ಅವನ ಮಗ ತಹಾರ್ಕ ನೂರಿ ಎಂಬಲ್ಲಿ ಕಟ್ಟಿಸಿದ ಪಿರಮಿಡ್ ಕುಶ್ ಪಿರಮಿಡ್‌ಗಳಲ್ಲೆಲ್ಲ ದೊಡ್ಡದು. ಅದರ ಬುಡ ಒಂದೊಂದು ಬದಿಗೂ 50 ಮೀಟರ್ ಮೀರುತ್ತದೆ. ಕ್ರಿ.ಪೂ. 3ನೇ ಶತಮಾನದಲ್ಲಿ ಅರಸರ ಗೋರಿಗಳು ದಕ್ಷಿಣದ ಮೆರೋಯೆಗೆ ಸ್ಥಳಾಂತರಗೊಂಡವು. ಈ ಬದಲಾವಣೆಯ ಹಿಂದೆ ಒಂದು ಕತೆಯಿದೆ. ಅದನ್ನು ಹೇಳಿದವನು ಗ್ರೀಕ್ ಲೇಖಕ ಡಿಯೊಡೊರಸ್. ಅಲ್ಲಿನ ಪುರೋಹಿತರು ತಮಗೆ ಬೇಡವಾದ ದೊರೆಗೆ 'ದೇವರ ಅಪ್ಪಣೆಯಾಗಿದೆ, ಸಾಯಿ' ಎಂದು ಹೇಳಿಕಳುಹಿಸುತ್ತಿದ್ದರಂತೆ; ದೊರೆಗಳು ತೆಪ್ಪಗೆ ಸಾಯುತ್ತಿದ್ದರಂತೆ. ಗ್ರೀಕ್ ವಿದ್ಯೆ ಕಲಿತಿದ್ದ ಎರ್ಗಮೆನೆಸ್ ಎಂಬ ದೊರೆಗೆ ಅದೇ ಅಪ್ಪಣೆ ಬಂದಾಗ ಅವನು ಸೈನಿಕರೊಂದಿಗೆ ಗುಡಿಗೆ ನುಗ್ಗಿ ಪುರೋಹಿತರನ್ನೇ ಕೊಲ್ಲಿಸಿದನಂತೆ. ಕತೆಯಲ್ಲಿ ಎಷ್ಟು ನಿಜವೋ ಏನೋ. ಆದರೆ ಮೆರೋಯೆಯಲ್ಲಿ ಪಿರಮಿಡ್ ಕಟ್ಟಿಸಿಕೊಂಡ ಮೊದಲ ಅರಸರಲ್ಲಿ ಅರ್ಕಮಾನಿ ಎಂಬ ಹೆಸರು ಇರುವುದಂತೂ ನಿಜ. ಗ್ರೀಕರ ಎರ್ಗಮೆನೆಸ್ ಇವನೇ ಎಂದು ಇತಿಹಾಸಕಾರರು ಗುರುತಿಸಿದ್ದಾರೆ.

ಮೆರೋಯೆ ನಗರವಿದ್ದದ್ದು ನೈಲ್ ದಂಡೆಯಲ್ಲಿ. ಗೋರಿಗಳಿರುವುದು ಅಲ್ಲಿಂದ ಮೂರು-ನಾಲ್ಕು ಕಿಲೋಮೀಟರ್ ಪೂರ್ವಕ್ಕೆ, ಮರಳುಗಲ್ಲಿನ ದಿಬ್ಬಗಳ ಮೇಲೆ. ಉತ್ತರ ದಿಬ್ಬದಲ್ಲಿ ಮಲಗಿರುವವರು ಹೆಚ್ಚಾಗಿ ಪಟ್ಟಕ್ಕೇರಿದ ಅರಸು ಅರಸಿಯರು. ನೋಡಲು ಬರುವವರು ಮೊದಲು ಹತ್ತುವುದೂ ಇದನ್ನೇ. ಇಲ್ಲಿನ ಪಿರಮಿಡ್‌ಗಳು ಗೀಜಾದವುಗಳಂತೆ ಎದೆ ನಡುಗಿಸುವಷ್ಟು ದೊಡ್ಡವಲ್ಲ. ಅತಿ ಎತ್ತರದ್ದೂ 30 ಮೀಟರಿನ ಆಸುಪಾಸು. ಆದರೆ ಬಲು ಕಡಿದು. ಗೀಜಾದ ಮಹಾ ಪಿರಮಿಡ್ಡಿನ ಇಳಿಜಾರು 52 ಡಿಗ್ರಿಯಷ್ಟಿದ್ದರೆ ಇಲ್ಲಿ 70 ಡಿಗ್ರಿಯ ಹತ್ತಿರ. ಒಂದರ ಪಕ್ಕ ಒಂದು ಒತ್ತೊತ್ತಾಗಿ ನಿಂತಿರುವುದರಿಂದ ಕಲ್ಲಿನ ಗುಡಾರಗಳ ಪಾಳೆಯದ ನಡುವೆ ನಡೆದಂತಾಗುತ್ತದೆ.

ಒಳಗೆ ಹೋಗುವ ದಾರಿ ಹುಡುಕುವವರಿಗೆ ನಿರಾಶೆ ಕಾದಿದೆ. ಈ ಪಿರಮಿಡ್‌ಗಳ ಒಳಗೆ ಏನೂ ಇಲ್ಲ, ಅವು ಗಟ್ಟಿ. ಶವವನ್ನಿಟ್ಟದ್ದು ಕೆಳಗಿನ ಬಂಡೆಯಲ್ಲಿ ಕೊರೆದ ಕೋಣೆಗಳಲ್ಲಿ. ಪೂರ್ವ ದಿಕ್ಕಿನಿಂದ ಇಳಿಜಾರು ಮೆಟ್ಟಿಲುಗಳನ್ನು ಕಡಿದು, ಶವಸಂಸ್ಕಾರ ಮುಗಿದ ಮೇಲೆ ಬಾಗಿಲಿಗೆ ಕಲ್ಲು ಜಡಿದು, ಮೆಟ್ಟಿಲುಗಳನ್ನು ಮಣ್ಣು ತುಂಬಿ ಮುಚ್ಚುತ್ತಿದ್ದರು. ಪಿರಮಿಡ್ಡಿನ ಪೂರ್ವದ ಮೈಗೆ ಒತ್ತಿಕೊಂಡು ಒಂದು ಪುಟ್ಟ ಗುಡಿ, ಅದಕ್ಕೊಂದು ಹೆಬ್ಬಾಗಿಲು. ಬೆಳಗಿನ ಬಿಸಿಲು ನೇರ ಒಳಗೆ ಬೀಳುತ್ತದೆ. ಸತ್ತವರಿಗೆ ನೀರು, ಹಾಲು, ಅನ್ನ ಎಡೆಯಿಡುತ್ತಿದ್ದ ಜಾಗ ಇದು. ನೋಡಬೇಕಾದದ್ದೆಲ್ಲ ಇರುವುದು ಈ ಗುಡಿಗಳ ಗೋಡೆಗಳ ಮೇಲೆ: ಸಿಂಹಾಸನದಲ್ಲಿ ಕುಳಿತ ಅರಸ, ಅವನ ಬೆನ್ನ ಹಿಂದೆ ರೆಕ್ಕೆ ಬಿಚ್ಚಿ ಕಾಯುವ ಐಸಿಸ್ ದೇವತೆ, ಕಾಣಿಕೆ ಹೊತ್ತು ತರುವವರ ಸಾಲುಗಳು. ಮರಳುಗಲ್ಲು ಮೆದು, ಗಾಳಿ ಎರಚುವ ಮರಳಿಗೆ ಎಷ್ಟೋ ಮುಖಗಳು ಸವೆದು ಹೋಗಿವೆ. ಸವೆಯದೆ ಉಳಿದ ಕಡೆ, ಹಿಂದಿನ ಪ್ರವಾಸಿಗರು ತಮ್ಮ ಹೆಸರು, ಇಸವಿ ಕೆತ್ತಿ ಹೋಗಿದ್ದಾರೆ. ಈ ಚಾಳಿ ಯಾವ ಒಂದು ದೇಶದವರ ಸೊತ್ತೂ ಅಲ್ಲ.

ದಿಬ್ಬದ ಒಂದು ಕಡೆ, ಸಂಶೋಧಕರ ಪಟ್ಟಿಯಲ್ಲಿ ಉತ್ತರ 6 ಎಂದು ಸಂಖ್ಯೆ ಹಾಕಿರುವ ಜಾಗದಲ್ಲಿ, ಪಿರಮಿಡ್ ಇಲ್ಲ. ಹರಡಿದ ಕಲ್ಲು, ಅದರ ಮುಂದೆ ಹೆಬ್ಬಾಗಿಲಿನ ಗೋಡೆಗಳು. ಗೋಡೆಯ ಮೇಲೆ ತುಂಬುಮೈಯ ಒಬ್ಬ ಹೆಂಗಸು ಸೆರೆಯಾಳುಗಳನ್ನು ಈಟಿಯಿಂದ ಇರಿಯುತ್ತಿದ್ದಾಳೆ. ಇವಳು ಅಮಾನಿಶಖೆತೋ, ಕ್ರಿಸ್ತಶಕ ಆರಂಭವಾಗುವ ಆಚೀಚೆ ಆಳಿದವಳು. ಇವಳ ಪಿರಮಿಡ್ ಇಡೀ ದಿಬ್ಬದಲ್ಲೇ ದೊಡ್ಡವುಗಳಲ್ಲೊಂದಾಗಿತ್ತು. ಅದು ಹೇಗಿತ್ತೆಂದು ತಿಳಿಯಲು ಇಂದು ಉಳಿದಿರುವುದು ಹಳೆಯ ಚಿತ್ರಗಳು ಮಾತ್ರ. ಫ್ರಾನ್ಸಿನ ಫ್ರೆಡೆರಿಕ್ ಕಾಯ್ಯೋ 1820ರ ದಶಕದ ಆರಂಭದಲ್ಲಿ ಮೆರೋಯೆಗೆ ಬಂದು ಬರೆದ ಚಿತ್ರಗಳಲ್ಲಿ ಈ ಪಿರಮಿಡ್ ಬಹುಮಟ್ಟಿಗೆ ಇಡಿಯಾಗಿ ನಿಂತಿದೆ. ಅದಾದ ಹನ್ನೆರಡು-ಹದಿಮೂರು ವರ್ಷಗಳಲ್ಲಿ ಅದು ಇಲ್ಲವಾಯಿತು.

ಇಲ್ಲವಾಗಿಸಿದವನು ಇಟಲಿಯ ಬೊಲೋನ್ಯಾ ನಗರದ ಜೂಸೆಪ್ಪೆ ಫೆರ್ಲೀನಿ. ವೃತ್ತಿಯಲ್ಲಿ ವೈದ್ಯ. ಸುಡಾನನ್ನು ಆಗ ಗೆದ್ದುಕೊಂಡಿದ್ದ ಈಜಿಪ್ಟಿನ ಮುಹಮ್ಮದ್ ಅಲಿಯ ಸೈನ್ಯದಲ್ಲಿ ಕೆಲಸಕ್ಕಿದ್ದ. ಊರಿಗೆ ಮರಳುವ ಮುನ್ನ ಒಂದಿಷ್ಟು ನಿಧಿ ಸಂಪಾದಿಸಬೇಕೆಂಬ ಆಸೆ ಹುಟ್ಟಿತು. ಖಾರ್ಟೂಮಿನ ಅಧಿಕಾರಿಯಿಂದ ಅನುಮತಿ ಪಡೆದ. ಅಲ್ಬೇನಿಯಾ ಮೂಲದ ಒಬ್ಬ ವ್ಯಾಪಾರಿ ಪಾಲುದಾರನಾದ. 1834ರಲ್ಲಿ ಇಬ್ಬರೂ ಕೂಲಿಗಳನ್ನು ಕಟ್ಟಿಕೊಂಡು ಮೊದಲು ಬೇರೆ ಕಡೆ ಅಗೆದು, ಏನೂ ಸಿಗದೆ, ಮೆರೋಯೆಗೆ ಬಂದರು. ಕೆಲವು ಚಿಕ್ಕ ಪಿರಮಿಡ್‌ಗಳನ್ನು ಕೆಡವಿದರೂ ಕೈಗೆ ಏನೂ ಹತ್ತಲಿಲ್ಲ. ಕೊನೆಗೆ ದೊಡ್ಡದಕ್ಕೆ ಕೈಹಾಕಿದರು. ಮೇಲಿನಿಂದ ಕಲ್ಲು ಕಿತ್ತು ಕೆಳಗೆ ಉರುಳಿಸುತ್ತಾ ಬಂದಾಗ ಒಂದು ಗೂಡು ಸಿಕ್ಕಿತು, ಅದರಲ್ಲಿದ್ದ ಕಂಚಿನ ಪಾತ್ರೆಯ ತುಂಬ ಚಿನ್ನ ಎಂದು ಫೆರ್ಲೀನಿ ಮುಂದೆ ಬರೆದ. ಸುದ್ದಿ ಕೂಲಿಗಳಿಗೆ ತಿಳಿದರೆ ಜೀವಕ್ಕೆ ಅಪಾಯವೆಂದು ಅಂಜಿ ಚಿನ್ನವನ್ನು ಬಚ್ಚಿಟ್ಟು, ರಾತ್ರೋರಾತ್ರಿ ದೋಣಿ ಹತ್ತಿದನಂತೆ. ಸಾವಿರಾರು ವರ್ಷ ನಿಂತದ್ದನ್ನು ಕೆಡವುವಾಗ ಇಲ್ಲದ ಅಂಜಿಕೆ ಆಗ ಬಂತು.

ಯುರೋಪಿನಲ್ಲಿ ಅವನಿಗೆ ತಕ್ಷಣ ಗಿರಾಕಿಗಳು ಸಿಗಲಿಲ್ಲ. ಬಳೆ, ಮುದ್ರೆಯುಂಗುರ, ಟಗರುಮುಖದ ಅಮುನ್ ದೇವರನ್ನು ಕೂರಿಸಿದ ಗುರಾಣಿಯಾಕಾರದ ಒಡವೆ, ಬಣ್ಣದ ಗಾಜು ಕರಗಿಸಿ ತುಂಬಿದ ತೋಳಬಂದಿ: ಇಷ್ಟು ನಾಜೂಕಿನ ಕುಸುರಿ ಆಫ್ರಿಕದ ಒಳನಾಡಿನದ್ದಾಗಿರಲು ಸಾಧ್ಯವೇ ಇಲ್ಲ, ಇದು ನಕಲಿ ಮಾಲು ಎಂಬ ಅನುಮಾನ ಪಂಡಿತರದು. ಕಡೆಗೆ ಒಂದು ಪಾಲನ್ನು ಬವೇರಿಯಾದ ದೊರೆ ಒಂದನೇ ಲುಡ್ವಿಗ್ ಕೊಂಡ. ಉಳಿದದ್ದನ್ನು, ಈಜಿಪ್ಟ್ ಇತಿಹಾಸದ ಜರ್ಮನ್ ವಿದ್ವಾಂಸ ಲೆಪ್ಸಿಯಸ್ ಅಸಲಿಯೆಂದು ಗುರುತಿಸಿದ್ದರಿಂದ, ಬರ್ಲಿನ್ ಕೊಂಡುಕೊಂಡಿತು. ಅಮಾನಿಶಖೆತೋಳ ಆಭರಣಗಳು ಇಂದು ಮ್ಯೂನಿಕ್ ಮತ್ತು ಬರ್ಲಿನ್ ವಸ್ತುಸಂಗ್ರಹಾಲಯಗಳಲ್ಲಿ ಹಂಚಿಹೋಗಿವೆ.

ಒಡವೆಗಳು ಉಳಿದವಲ್ಲ, ಅಷ್ಟಾದರೂ ಆಯಿತಲ್ಲ ಎಂದು ಸಮಾಧಾನಪಡುವವರಿದ್ದಾರೆ. ಆದರೆ ಹೋದದ್ದು ಪಿರಮಿಡ್ಡಿನ ಕಲ್ಲುಗಳಷ್ಟೇ ಅಲ್ಲ. ಒಡವೆಗಳು ನಿಜವಾಗಿ ಎಲ್ಲಿದ್ದವು? ತುದಿಯ ಹತ್ತಿರದ ಗೂಡಿನಲ್ಲಿ ಎಂದ ಫೆರ್ಲೀನಿ. ಆಮೇಲೆ ವ್ಯವಸ್ಥಿತವಾಗಿ ಅಗೆದವರಿಗೆ ಬೇರೆ ಯಾವ ಮೆರೋಯೆ ಪಿರಮಿಡ್ಡಿನ ನೆತ್ತಿಯಲ್ಲೂ ಅಂಥ ಕೋಣೆ ಸಿಕ್ಕಿಲ್ಲ. ಅವು ಕೆಳಗಿನ ಕೋಣೆಯಲ್ಲಿದ್ದಿರಬೇಕು, ಅವನು ನಿಜ ಹೇಳಲಿಲ್ಲ ಎಂದು ಕೆಲವರ ಶಂಕೆ. ಅವು ರಾಣಿಯ ಮೈಮೇಲಿದ್ದವೋ, ದೇವರಿಗೆ ಕೊಟ್ಟ ಕಾಣಿಕೆಯೋ, ಯಾವುದರ ಪಕ್ಕ ಯಾವುದಿತ್ತು ಎಂಬುದಕ್ಕೆ ಸಾಕ್ಷಿ ಹೇಳಬಲ್ಲದ್ದು ಅಗೆದ ಜಾಗವೊಂದೇ. ಗುರಾಣಿಯಾಕಾರದ ಒಡವೆಯನ್ನು ಎಲ್ಲಿ ಧರಿಸುತ್ತಿದ್ದರೆಂದು ತಿಳಿಯಲು ಪಂಡಿತರು ಗೋಡೆಯ ಚಿತ್ರಗಳನ್ನು ನೋಡಿ, ಕೂದಲಿಗೆ ಸಿಕ್ಕಿಸಿ ಹಣೆಯ ಮೇಲೆ ಇಳಿಬಿಡುತ್ತಿದ್ದಿರಬೇಕು ಎಂದು ಊಹಿಸಬೇಕಾಯಿತು. ನಮ್ಮ ಬೈತಲೆ ಬೊಟ್ಟಿನ ಹಾಗೆ ಎನ್ನೋಣ. ನೆಲದಲ್ಲಿ ಇದ್ದ ಹಾಗೆಯೇ ಕಂಡಿದ್ದರೆ ಈ ಊಹೆಯ ಅಗತ್ಯವಿರುತ್ತಿರಲಿಲ್ಲ. ಸಾಲದ್ದಕ್ಕೆ ತುದಿಯಲ್ಲಿ ನಿಧಿಯಿದೆಯೆಂಬ ಮಾತು ಮುಂದೆ ಬಂದವರನ್ನೂ ತಪ್ಪುದಾರಿಗೆ ಎಳೆಯಿತು. ಮೊಂಡು ತುದಿಗಳೆಲ್ಲವನ್ನೂ ಫೆರ್ಲೀನಿಯ ತಲೆಗೇ ಕಟ್ಟುವುದು ವಾಡಿಕೆ. ಅದು ಪೂರ್ತಿ ನ್ಯಾಯವಲ್ಲ. 20ನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ವಾಲಿಸ್ ಬಡ್ಜ್ ಕೂಡ ಇಲ್ಲಿ ಪಿರಮಿಡ್‌ಗಳನ್ನು ಅಗೆಸಿದ. ಮಳೆ, ಗಾಳಿ, ಒಳಗಿನ ಜಲ್ಲಿ ಕುಸಿತ ಎಲ್ಲವೂ ತಮ್ಮ ಪಾಲು ಪಡೆದಿವೆ.

ನಿಧಿಗಾಗಿ ಅಲ್ಲದೆ ತಿಳಿವಿಗಾಗಿ ಅಗೆದವನು ಅಮೆರಿಕದ ಜಾರ್ಜ್ ರೈಸ್ನರ್. 1916ರಿಂದ 1923ರವರೆಗೆ ನೂರಿ, ಎಲ್-ಕುರ್ರು, ಮೆರೋಯೆಗಳ ಗೋರಿಗಳನ್ನು ಒಂದೊಂದಾಗಿ ತೆರೆದು, ಅಳೆದು, ಫೋಟೋ ತೆಗೆದು, ಕುಶ್ ಅರಸರ ವಂಶಾವಳಿಯನ್ನು ಕಟ್ಟಿಕೊಟ್ಟ. ಇಂದಿಗೂ ಎಲ್ಲರೂ ಆಶ್ರಯಿಸುವುದು ಅವನ ದಾಖಲೆಗಳನ್ನೇ. ಅಷ್ಟು ಶಿಸ್ತಿನ ಮನುಷ್ಯನಿಗೂ ಒಂದು ವಿಷಯ ಕಾಣಿಸಲಿಲ್ಲ: ಇದನ್ನೆಲ್ಲ ಕಟ್ಟಿದವರು ಆಫ್ರಿಕದ ಕಪ್ಪು ಜನ ಎಂಬುದು. ಅರಸು ಮನೆತನ ಲಿಬಿಯಾದ ಕಡೆಯಿಂದ ಬಂದ ಬಿಳಿ ಮೈಬಣ್ಣದವರದ್ದಿರಬೇಕೆಂದು ಅವನು ವಾದಿಸಿದ. ಗೋಡೆಗಳ ಮೇಲೆ ಕಡೆದ ಮುಖಗಳು ಅವನ ಕಣ್ಣೆದುರೇ ಇದ್ದವು. ಒಡವೆ ಕಂಡು 'ನಕಲಿ' ಎಂದವರಿಗೂ ಗೋರಿ ಕಂಡು 'ಹೊರಗಿನವರದ್ದು' ಎಂದ ಇವನಿಗೂ ವ್ಯತ್ಯಾಸ ಅಷ್ಟೇನಿಲ್ಲ. ಆ ವಾದವನ್ನು ವಿದ್ವಾಂಸರು ಕೈಬಿಟ್ಟು ದಶಕಗಳೇ ಕಳೆದಿವೆ.

ಇಂಥ ಊಹೆಗಳು ಭಾರತದ ಹೆಸರನ್ನೂ ಎಳೆದು ತಂದದ್ದುಂಟು. ಮೆರೋಯೆಯ ದಕ್ಷಿಣಕ್ಕಿರುವ ನಾಗಾ ಎಂಬಲ್ಲಿನ ಗುಡಿಯ ಹಿಂಗೋಡೆಯಲ್ಲಿ ಅಪೆದೆಮಾಕ್ ಎಂಬ ಸಿಂಹಮುಖದ ದೇವರಿಗೆ ಮೂರು ತಲೆ, ನಾಲ್ಕು ಕೈ. ಇದು ಭಾರತದ ಪ್ರಭಾವವೇ ಸೈ ಎಂದು ಕೆಲವು ಪಾಶ್ಚಾತ್ಯ ವಿದ್ವಾಂಸರು ಹೇಳಿದರು. ಕೇಳಲು ನಮಗೆ ಹಿತವಾದ ಮಾತು. ಆದರೆ ಅರಸ ಒಂದು ಬದಿಯಲ್ಲಿ, ಅರಸಿ ಇನ್ನೊಂದು ಬದಿಯಲ್ಲಿ ನಿಂತಿರುವಾಗ ಎರಡೂ ಕಡೆಗೆ ಮುಖ ಮಾಡಿ ಇಬ್ಬರನ್ನೂ ಹರಸುವ ದೇವರನ್ನು ತೋರಿಸಲು ಶಿಲ್ಪಿ ಕಂಡುಕೊಂಡ ಉಪಾಯ ಅದು ಎಂಬ ವಿವರಣೆ ಹೆಚ್ಚು ಸರಳ, ಹೆಚ್ಚು ಒಪ್ಪುವಂಥದ್ದು.

ಮುರಿದ ಪಿರಮಿಡ್‌ಗಳಿಂದಲೇ ಹೊಸ ಅರಿವು ಪಡೆದವನು ಜರ್ಮನಿಯ ವಾಸ್ತುಶಿಲ್ಪಿ ಫ್ರೀಡ್ರಿಶ್ ಹಿಂಕೆಲ್. 1970ರ ದಶಕದಿಂದ ಅವನು ಇಲ್ಲಿನ ಗುಡಿಗಳನ್ನೂ ಪಿರಮಿಡ್‌ಗಳನ್ನೂ ದುರಸ್ತಿ ಮಾಡುತ್ತಾ ಬಂದ. ಇಷ್ಟು ಕಡಿದಾದ ಕಟ್ಟಡದ ಮೇಲೆ ಕಲ್ಲುಗಳನ್ನು ಏರಿಸಿದ್ದಾದರೂ ಹೇಗೆ? ಗೀಜಾದಲ್ಲಿ ಇದ್ದಿರಬಹುದಾದಂತೆ ಮಣ್ಣಿನ ಇಳಿಜಾರು ಕಟ್ಟೋಣವೆಂದರೆ ಒತ್ತೊತ್ತಾಗಿರುವ ಈ ದಿಬ್ಬದಲ್ಲಿ ಅದಕ್ಕೆ ಜಾಗವಿಲ್ಲ. ತುದಿ ಕಳೆದುಕೊಂಡ ಪಿರಮಿಡ್‌ಗಳ ಒಡಲಿನಲ್ಲಿ ಹಿಂಕೆಲ್‌ಗೆ ಉತ್ತರ ಸಿಕ್ಕಿತು. ನಟ್ಟನಡುವೆ ನೆಟ್ಟ ಮರದ ಕಂಬಗಳ ಅವಶೇಷ ಅಲ್ಲಿತ್ತು. ನೈಲ್ ದಂಡೆಯ ರೈತರು ಹೊಲಕ್ಕೆ ನೀರೆತ್ತುವ ಶಾದೂಫ್ ಎಂಬ ಸಾಧನವನ್ನೇ ಕಲ್ಲೆತ್ತಲು ಬಳಸಿದ್ದಾರೆಂದು ಅವನು ತೀರ್ಮಾನಿಸಿದ. ಶಾದೂಫ್ ಎಂದರೆ ಬೇರೇನಲ್ಲ, ನಮ್ಮ ಹಳ್ಳಿಗಳ ಬಾವಿಕಟ್ಟೆಯಲ್ಲಿ ಇರುತ್ತಿದ್ದ ಏತ. ಕಂಬದ ಮೇಲೆ ಅಡ್ಡಕ್ಕೆ ಉದ್ದನೆಯ ಮರ, ಹಿಂದಿನ ತುದಿಗೆ ಭಾರ, ಮುಂದಿನ ತುದಿಗೆ ಹಗ್ಗ.

ಏತವನ್ನು ಬಲ್ಲವರಿಗೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಕಂಬ ನಡುವೆ, ಅದರ ಸುತ್ತ ಜಲ್ಲಿ, ಒಡಕುಕಲ್ಲು ತುಂಬುತ್ತಾ, ಹೊರಗಡೆ ಕಡೆದ ಕಲ್ಲುಗಳ ವರಸೆ ಇಡುತ್ತಾ ಮೇಲೇರಬೇಕು. ಏತದ ಮರ ಎಷ್ಟು ದೂರ ಚಾಚುತ್ತದೋ ಅಷ್ಟೇ ಪಿರಮಿಡ್ಡಿನ ಅಗಲ. ಹಾಗಾಗಿ ಅಗಲ ಕಡಿಮೆ, ಏರು ಕಡಿದು. ಕೆಲಸ ಮುಗಿದಾಗ ಕಂಬ ಒಳಗೇ ಉಳಿಯುತ್ತದೆ. ತುದಿಗಲ್ಲಿಟ್ಟು, ಮೇಲಿನಿಂದ ಕೆಳಕ್ಕೆ ಗಾರೆ ಬಳಿಯುತ್ತಾ ಇಳಿಯುವುದು. ಹೌದು, ಈ ಪಿರಮಿಡ್‌ಗಳಿಗೆ ಗಾರೆಯಿತ್ತು, ಬಣ್ಣವಿತ್ತು. ಇಂದು ಕಾಣುವ ಬೋಳು ಕಂದುಗಲ್ಲು ಅವುಗಳ ಅಸಲಿ ಮುಖವಲ್ಲ. ಒಂದು ಗುಡಿಯ ಗೋಡೆಯಲ್ಲಿ ಪಿರಮಿಡ್ಡಿನ ಅರ್ಧಭಾಗದ ನಕ್ಷೆಯೊಂದು ಗೀರಿರುವುದನ್ನೂ ಹಿಂಕೆಲ್ ಪತ್ತೆಹಚ್ಚಿದ. ಬುಡದ ಅಗಲ 5 ಪಾಲಾದರೆ ಎತ್ತರ 8 ಪಾಲು ಎಂಬ ಲೆಕ್ಕ ಅದರಲ್ಲಿದೆ. ಎರಡು ಸಾವಿರ ವರ್ಷ ಹಿಂದಿನ ಮೇಸ್ತ್ರಿಯೊಬ್ಬ ಕೆಲಸದ ಜಾಗದಲ್ಲೇ ಗೋಡೆಗೆ ಗೀಚಿಕೊಂಡ ನಕ್ಷೆ! ಅರಸರ ಒಡವೆಗಿಂತ ಇದರ ಬೆಲೆ ಕಡಿಮೆಯೆಂದು ಹೇಳಲಾಗದು.

ಕುಶ್ ನಾಡಿನಲ್ಲಿ ಹೆಂಗಸರು ಪಟ್ಟಕ್ಕೇರುತ್ತಿದ್ದುದು ಹೊರಗಿನವರ ಕಣ್ಣು ಅರಳಿಸಿತ್ತು. ರಾಜಮನೆತನದ ಹಿರಿಯ ಹೆಂಗಸಿಗೆ ಕಂದಾಕೆ ಎಂಬ ಬಿರುದು. ಗ್ರೀಕ್ ಮತ್ತು ರೋಮನ್ ಬರಹಗಾರರು ಅದನ್ನೇ ಹೆಸರೆಂದು ತಿಳಿದರು. ಬೈಬಲ್ಲಿನ ಅಪೊಸ್ತಲರ ಕೃತ್ಯಗಳಲ್ಲೂ ಕಂದಾಕೆಯ ಅಧಿಕಾರಿಯೊಬ್ಬ ಬರುತ್ತಾನೆ. ಅಮಾನಿಶಖೆತೋಳಿಗೆ ಕಂದಾಕೆ ಎಂಬುದರ ಜೊತೆಗೆ ಖೋರೆ, ಅಂದರೆ ದೊರೆ, ಎಂಬ ಬಿರುದೂ ಇತ್ತು. ಇವಳಿಗಿಂತ ತುಸು ಹಿಂದಿನ ಒಬ್ಬ ಕಂದಾಕೆ, ಒಕ್ಕಣ್ಣಿನ ಗಟ್ಟಿಗಿತ್ತಿ, ರೋಮ್ ಚಕ್ರವರ್ತಿ ಆಗಸ್ಟಸನ ವಿರುದ್ಧವೇ ಯುದ್ಧ ಹೂಡಿದಳೆಂದು ಸ್ಟ್ರೇಬೊ ಬರೆದಿದ್ದಾನೆ. ಕುಶ್ ಪಡೆ ಈಜಿಪ್ಟಿನ ದಕ್ಷಿಣದ ಊರುಗಳನ್ನು ಲೂಟಿ ಮಾಡಿ ಆಗಸ್ಟಸನ ಪ್ರತಿಮೆಗಳನ್ನು ಹೊತ್ತೊಯ್ದಿತು. ರೋಮನ್ನರು ತಿರುಗಿಬಿದ್ದು ನಪಾತಾ ನಗರವನ್ನು ಧ್ವಂಸ ಮಾಡಿದರು. ಕೊನೆಗೆ ಕ್ರಿ.ಪೂ. 21ರ ಸುಮಾರಿಗೆ ಆದ ಒಪ್ಪಂದದಲ್ಲಿ ಆಗಸ್ಟಸ್ ಕಪ್ಪವನ್ನು ಮನ್ನಾ ಮಾಡಿದ. 1910ರಲ್ಲಿ ಜಾನ್ ಗಾರ್ಸ್ಟಾಂಗ್ ಮೆರೋಯೆ ನಗರದ ಗುಡಿಯೊಂದನ್ನು ಅಗೆಸುವಾಗ ಹೊಸ್ತಿಲ ಕೆಳಗೆ ಆಗಸ್ಟಸನ ಕಂಚಿನ ತಲೆ ಸಿಕ್ಕಿತು. ಗುಡಿಗೆ ಬಂದವರೆಲ್ಲ ಚಕ್ರವರ್ತಿಯ ತಲೆ ತುಳಿದು ಒಳಹೋಗಲಿ ಎಂದೇ ಹೂತಿದ್ದರು. ಈಗ ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಇವರ ಕತೆಯನ್ನು ಇವರ ಬಾಯಿಂದಲೇ ಕೇಳಬಹುದಿತ್ತು, ಆದರೆ ಆಗಿಲ್ಲ. ಮೆರೋಯೆಯವರು ತಮ್ಮದೇ ಲಿಪಿ ರೂಪಿಸಿಕೊಂಡಿದ್ದರು, 23 ಅಕ್ಷರಗಳದ್ದು. ಕನ್ನಡದ ವ್ಯಂಜನಗಳಲ್ಲಿ ಅಕಾರ ಅಡಗಿರುವಂತೆ ಈ ಲಿಪಿಯಲ್ಲೂ ವ್ಯಂಜನದ ಗುರುತಿನಲ್ಲೇ ಅಕಾರ ಸೇರಿರುತ್ತದೆ. ಇಂಗ್ಲೆಂಡಿನ ಗ್ರಿಫಿತ್ 1911ರ ಹೊತ್ತಿಗೆ ಅಕ್ಷರಗಳ ಉಚ್ಚಾರವನ್ನು ಬಿಡಿಸಿದ. ಅರಸರ, ದೇವರ, ಊರುಗಳ ಹೆಸರುಗಳು ಓದಲು ಬಂದವು. ಭಾಷೆ ಮಾತ್ರ ಬಿಗಿಮುಷ್ಟಿ ಸಡಿಲಿಸಿಲ್ಲ. ಅರಿಯದ ಭಾಷೆಯ ಪತ್ರವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟರೆ ಗಟ್ಟಿಯಾಗಿ ಓದಬಹುದು, ತಿಳಿಯುವುದು ಅಷ್ಟಕ್ಕಷ್ಟೆ. ವಿದ್ವಾಂಸರ ಸ್ಥಿತಿಯೂ ಹಾಗೆಯೇ. ಸುಡಾನಿನ ಆಸುಪಾಸಿನ ಇಂದಿನ ಕೆಲವು ಭಾಷೆಗಳೊಂದಿಗೆ ಅದರ ನಂಟನ್ನು ಗುರುತಿಸಿ ಫ್ರಾನ್ಸಿನ ಕ್ಲೋಡ್ ರಿಯ್ಯಿ ಮುಂತಾದವರು ಸ್ವಲ್ಪ ಮುಂದೆ ಹೋಗಿದ್ದಾರೆ. ಒಂದೊಂದು ಹೊಸ ಶಾಸನವೂ ಅವರಿಗೆ ಬೇಕು. ಹೀಗಾಗಿ ಅಗೆಯದೆ ಉಳಿದ ನೆಲವೇ ಮೆರೋಯೆಯ ದೊಡ್ಡ ಆಸ್ತಿ.

ಆ ನೆಲಕ್ಕೆ ಈಗ ಬೇರೆ ಬೇರೆ ದಿಕ್ಕಿನಿಂದ ಅಪಾಯ. ಮರಳು ದಿಬ್ಬಗಳು ಗುಡಿಗಳೊಳಗೆ ನುಗ್ಗುತ್ತವೆ. ತೋಡಿ ಹಾಕಿದಷ್ಟೂ ಮತ್ತೆ ಬರುತ್ತದೆ. 2011ರಲ್ಲಿ ಯುನೆಸ್ಕೊ ಮೆರೋಯೆಯನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು; 2013ರ ನಂತರ ಕತಾರ್ ದೇಶದ ಹಣದಿಂದ ಉತ್ಖನನ ಮತ್ತು ರಕ್ಷಣೆಯ ಕೆಲಸಗಳು ನಡೆದವು. 2020ರಲ್ಲಿ ನೈಲ್ ಉಕ್ಕಿದಾಗ ನಗರದ ಅವಶೇಷಗಳ ಬಳಿಗೆ ನೀರು ಬಂದು, ಮರಳು ಮೂಟೆ ಅಡ್ಡ ಹಾಕಿ ತಡೆಯಬೇಕಾಯಿತು. 2019ರ ಚಳವಳಿಯಲ್ಲಿ ಬೀದಿಗಿಳಿದ ಸುಡಾನಿನ ಯುವತಿಯರನ್ನು ಜನ 'ಕಂದಾಕಾ' ಎಂದೇ ಕರೆದರು. ದಿಬ್ಬದ ಮೇಲಿನ ರಾಣಿಯರ ಬಿರುದು ಎರಡು ಸಾವಿರ ವರ್ಷಗಳ ನಂತರ ಖಾರ್ಟೂಮಿನ ಬೀದಿಯಲ್ಲಿ ಕೇಳಿಬಂತು.

2023ರ ಏಪ್ರಿಲ್‌ನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಯುದ್ಧ ಹೊತ್ತಿಕೊಂಡಿತು. ಗಿಡಮೂಲಿಕೆ ಮಾರಲು ಹೋಗಿ ಅಲ್ಲಿ ಸಿಲುಕಿದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರನ್ನು 'ಆಪರೇಷನ್ ಕಾವೇರಿ' ಹೆಸರಿನಲ್ಲಿ ಕರೆತಂದದ್ದು ಓದುಗರಿಗೆ ನೆನಪಿರಬಹುದು. ವಿದೇಶಿ ಸಂಶೋಧಕರೂ ಹೊರಟುಹೋದರು. ಖಾರ್ಟೂಮಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಯುದ್ಧದಲ್ಲಿ ಲೂಟಿಯಾಯಿತು. ನೂಬಿಯಾದ ಗೋರಿಗಳಿಂದ ತಂದಿಟ್ಟಿದ್ದ ಚಿನ್ನದ ವಸ್ತುಗಳೂ ಹೋದವು. ಫೆರ್ಲೀನಿ ಯುರೋಪಿಗೆ ಸಾಗಿಸಿದ ಒಡವೆ ಗಾಜಿನ ಪೆಟ್ಟಿಗೆಯಲ್ಲಿ ಕ್ಷೇಮವಾಗಿದೆ, ಶಿಸ್ತಿನಿಂದ ಅಗೆದು ಖಾರ್ಟೂಮಿನಲ್ಲಿ ಇಟ್ಟದ್ದು ಕಾಣೆಯಾಗಿದೆ ಎಂಬುದು ಈ ಕತೆಯ ಕಹಿ ತಿರುವು. ಕದ್ದೊಯ್ದದ್ದೇ ಸರಿಯಾಯಿತೆಂದು ಇದನ್ನು ಮುಂದಿಟ್ಟು ವಾದಿಸುವವರೂ ಇದ್ದಾರೆ. ಉತ್ತರ 6ರ ಮುಂದೆ ಒಮ್ಮೆ ನಿಂತು ಬಂದವರಿಗೆ ಆ ವಾದ ಸುಲಭಕ್ಕೆ ಒಪ್ಪಿಗೆಯಾಗದು.

ಹಿಂಕೆಲ್ ದುರಸ್ತಿ ಮಾಡಿದ ಕೆಲವು ಪಿರಮಿಡ್‌ಗಳು ಚೂಪು ತುದಿಯೊಂದಿಗೆ ಈಗಲೂ ಆ ದಿಬ್ಬದಲ್ಲಿ ನಿಂತಿವೆ. ಅವು ತೀರ ಹೊಸದಾಗಿ ಕಾಣುತ್ತವೆ, ಹಳೆಯದರ ಕಳೆ ಇಲ್ಲ ಎಂದು ಪ್ರವಾಸಿಗರು ದೂರುವುದುಂಟು. ಕಟ್ಟಿಸಿದವರ ಕಣ್ಣಿಗೆ ಬಿದ್ದಿದ್ದು ಹೆಚ್ಚುಕಡಿಮೆ ಅದೇ ರೂಪ, ಗಾರೆ ಮತ್ತು ಬಣ್ಣ ಮಾತ್ರ ಕಡಿಮೆ. ಅಮಾನಿಶಖೆತೋಳ ಜಾಗದಲ್ಲಿ ಅದೂ ಇಲ್ಲ. ಹೆಬ್ಬಾಗಿಲಿನ ಗೋಡೆಯ ಮೇಲೆ ರಾಣಿ ಈಟಿಯೆತ್ತಿ ನಿಂತಿದ್ದಾಳೆ, ಬೆನ್ನ ಹಿಂದೆ ಕಲ್ಲುರಾಶಿ.